ಪೊಸಡಿಗುಂಪೆಯಿಂದ ರಾಣಿಪುರದವರೆಗೆ: ಕಾಸರಗೋಡಿಗೆ ಒಗ್ಗುವ ಇಬ್ಬರ ಟೆಂಟ್

ಕಾಸರಗೋಡಿನ ಕಡೆಗೆ ಟೆಂಟ್ ಹೊತ್ತು ಹೊರಡುವ ಯೋಚನೆ ಇದ್ದರೆ, ಅಂಗಡಿಯಲ್ಲಿ ಅದು ಎಷ್ಟು ಮಳೆ ತಡೆಯುತ್ತದೆ ಎಂದು ವಿಚಾರಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಗೂಟ ಹೊಡೆಯದೆ ಇದು ನಿಲ್ಲುತ್ತದೆಯೇ? ಇಲ್ಲಿನ ಗುಡ್ಡೆಗಳ ನೆತ್ತಿಯೆಲ್ಲ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಾರೆ, ಅಂದರೆ ಬಂಡೆಯ ಹಾಸು. ಗೂಟ ಅರ್ಧ ಇಂಚೂ ಇಳಿಯುವುದಿಲ್ಲ. ಕಡಲ ಬದಿಗೆ ಹೋದರೆ ಗೂಟ ಸಲೀಸಾಗಿ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಕಿತ್ತು ಬರುತ್ತದೆ. ಹಿಮಾಲಯದ ಚಾರಣಕ್ಕೆಂದು ಹೊಗಳಿಸಿಕೊಂಡ ಎಷ್ಟೋ ಟೆಂಟ್‌ಗಳು ನಮ್ಮೂರಿನ ಪಾರೆಯ ಮೇಲೆ ನಿಲ್ಲಲಾರವು.

ನಾನು ಮತ್ತು ನನ್ನ ಭಾವ ದೀಪಾವಳಿ ಕಳೆದ ಮೇಲೆ, ತುಲಾ ಮಳೆ, ಅಂದರೆ ಅಕ್ಟೋಬರ್-ನವೆಂಬರ್‌ನ ಹಿಂಗಾರು ಮಳೆ, ಇನ್ನೂ ಪೂರ್ತಿ ಬಿಡದ ಹೊತ್ತಿನಲ್ಲಿ ಹೊರಟೆವು. ಮೊದಲು ಪೊಸಡಿಗುಂಪೆ ಎಂಬ ಗುಡ್ಡೆಯ ಕೆಳಗಿನ ಪಾರೆ, ಆಮೇಲೆ ಬೇಕಲದ ಹತ್ತಿರದ ತೀರ, ಕೊನೆಗೆ ಘಟ್ಟದ ಮಗ್ಗುಲಿನ ರಾಣಿಪುರ. ಬೇಕೆಂದೇ ಆ ಕಾಲ ಆರಿಸಿದ್ದು. ಮಧ್ಯಾಹ್ನದ ಧಗೆ, ಸಂಜೆಯ ಸಿಡಿಲು ಮಳೆ, ಕಡಲ ಗಾಳಿ, ಬೆಳಗಿನ ಮಂಜು, ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುವುದು ಆಗಲೇ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಟೆಂಟ್ ಹೊತ್ತು ಹೊರಡಬೇಡಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಹೋಗುತ್ತದೆ. ಆ ಕಾಲಕ್ಕೆ ಹೆಂಚಿನ ಮಾಡೇ ಸರಿ.

ಪೊಸಡಿಗುಂಪೆಗೆ ನಾವು ಹೋದದ್ದು ಬಂದ್ಯೋಡಿನಿಂದ ಪೆರ್ಮುದೆ, ಧರ್ಮತ್ತಡ್ಕದ ದಾರಿಯಾಗಿ. ಎತ್ತರ ಸುಮಾರು 1,060 ಅಡಿ ಅಷ್ಟೇ, ಆದರೆ ಮೇಲೆ ಮರವಿಲ್ಲದ ಬೋಳು ನೆತ್ತಿ. ಆಕಾಶ ತಿಳಿಯಿದ್ದರೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟದ ಸಾಲು. ಸಂಜೆ ನೋಡಿಕೊಂಡು ಇಳಿದುಬಿಡಿ. ತುಲಾ ಮಳೆಯ ತಿಂಗಳಲ್ಲಿ ಇಲ್ಲಿನ ಸಿಡಿಲು ಹುಡುಗಾಟವಲ್ಲ. ಬೋಳುಗುಡ್ಡೆಯ ಮೇಲೆ ಎಂಥ ಟೆಂಟ್ ಇದ್ದರೂ ಅದು ಸಿಡಿಲಿನಿಂದ ಕಾಪಾಡುವುದಿಲ್ಲ. ಗುಡುಗು ಕೇಳಿಸಿದರೆ ಪಕ್ಕಾ ಮನೆಗೋ ಮುಚ್ಚಿದ ಕಾರಿನೊಳಕ್ಕೋ ಹೋಗಿ. ನಾವು ಟೆಂಟ್ ಹಾಕಿದ್ದು ಬಹಳ ಕೆಳಗೆ, ಪರಿಚಯದವರ ಮನೆಗೆ ಕೂಗಳತೆಯಲ್ಲಿ, ಅವರದೇ ಜಾಗದ ಪಾರೆಯ ಮೇಲೆ. ಗುಡುಗಿನ ಹೊತ್ತನ್ನು ಅವರ ಮನೆಯೊಳಗೇ ಕಳೆದು, ಸಿಡಿಲು ದೂರ ಸರಿದು ಬರೀ ಮಳೆ ಉಳಿದ ಮೇಲೆ ಟೆಂಟ್‌ಗೆ ಬಂದೆವು.

ಪಾರೆಯ ಮೇಲೆ ಟೆಂಟ್ ಕಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದನ್ನೊಂದು ಅಡ್ಡ ಹಾಯುವ ಎರಡು ಪೋಲ್‌ಗಳಿರುವ (ಬಟ್ಟೆಯನ್ನು ಎತ್ತಿ ಹಿಡಿಯುವ ಬಾಗುವ ಕೋಲುಗಳು) ಗುಮ್ಮಟದಾಕಾರದ ಟೆಂಟ್ ತಾನಾಗಿಯೇ ನಿಲ್ಲುತ್ತದೆ. ಎತ್ತಿ ಆಚೀಚೆ ಇಡಬಹುದು, ಹೊಂಡ ತಪ್ಪಿಸಬಹುದು. ಚಾರಣದ ಊರುಗೋಲನ್ನೇ ಕಂಬ ಮಾಡಿಕೊಳ್ಳುವ ಟೆಂಟ್‌ಗಳು ತೀರಾ ಹಗುರ, ನಿಜ. ಸುರಂಗದಾಕಾರದವು ಗಾಳಿಗೆ ಚೆನ್ನಾಗಿ ಬಗ್ಗುತ್ತವೆ, ಅದೂ ನಿಜ. ಆದರೆ ಇವೆರಡೂ ನಿಲ್ಲುವುದು ಗೂಟದ ಬಲದಲ್ಲಿ. ತಾನಾಗಿ ನಿಲ್ಲುವ ಟೆಂಟ್‌ಗೂ ಹೊರ ಹೊದಿಕೆಯ ಅಂಗಳದಂಥ ಭಾಗವನ್ನು ಎಳೆದು ಕಟ್ಟಲೇಬೇಕು, ಇಲ್ಲದಿದ್ದರೆ ಮಳೆ ಒಳಬಟ್ಟೆಗೆ ತಾಗುತ್ತದೆ. ಅದಕ್ಕೆ ನಾವು ಮಾಡಿದ್ದು ಇಷ್ಟು: ದಾರದ ಕುಣಿಕೆಗೆ ಮೊಳದುದ್ದದ ಕೋಲು ತೂರಿಸಿ, ಕೋಲನ್ನು ನೆಲಕ್ಕೆ ಅಡ್ಡಲಾಗಿ ಇಟ್ಟು, ಅದರ ಮುಂದೆ ದೊಡ್ಡ ಕಲ್ಲು ಒತ್ತಿದೆವು. ಮುರಕಲ್ಲಿನ ಅಂಚು ಗರಗಸ. ಗಾಳಿಗೆ ದಾರ ಉಜ್ಜುತ್ತಾ ಹೋದರೆ ಬೆಳಗಾಗುವಷ್ಟರಲ್ಲಿ ತುಂಡು. ದಾರಕ್ಕೂ ಕಲ್ಲಿಗೂ ನಡುವೆ ಒಂದೊಂದು ಅಡಿಕೆ ಹಾಳೆಯ ತುಂಡು ಇಟ್ಟೆವು, ತೋಟದ ಬದಿಯಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಮಳೆಯಲ್ಲಿ ನೆನೆದ ಹಾಳೆ ಮೆತ್ತಗಾಗಿ ಕಲ್ಲಿಗೆ ಅಂಟಿಕೊಂಡು ಇನ್ನೂ ಒಳ್ಳೆಯದೇ ಆಯಿತು.

ಆ ಸಂಜೆ ಸ್ವಲ್ಪ ಆಚೆಗೆ ಬೆಂಗಳೂರಿನ ಇಬ್ಬರು ಹುಡುಗರೂ ಟೆಂಟ್ ಹಾಕಿದ್ದರು. ಅವರದು ಫೈಬರ್‌ಗ್ಲಾಸ್ ಪೋಲಿನದು. ಕತ್ತಲಾದ ಮೇಲೆ ಬಂದ ಒಂದು ಬೀಸು ಗಾಳಿಗೆ ಪೋಲ್ ಉದ್ದುದ್ದ ಸೀಳಿತು, ಸೀಳಿದ ತುದಿ ಬಟ್ಟೆಯನ್ನೂ ಹರಿಯಿತು. ಫೈಬರ್‌ಗ್ಲಾಸ್ ಬಿರಿದರೆ ಅದರ ಎಳೆಗಳು ಕೈಗೆ ಮುಳ್ಳಿನಂತೆ ಚುಚ್ಚಿಕೊಳ್ಳುತ್ತವೆ, ಕತ್ತಲಲ್ಲಿ ತೆಗೆಯಲೂ ಬರುವುದಿಲ್ಲ. ಅಲ್ಯುಮಿನಿಯಂ ಹಾಗಲ್ಲ, ಅದು ಸಾಮಾನ್ಯವಾಗಿ ಮೊದಲು ಬಾಗುತ್ತದೆ. ಮುರಿದರೂ ಮುರಿದ ಜಾಗದ ಮೇಲೆ ಒಂದು ಗೇಣುದ್ದದ ಕೊಳವೆ ಸರಿಸಿ, ಎರಡೂ ಕಡೆ ಟೇಪ್ ಸುತ್ತಿದರೆ ಪ್ರವಾಸ ಮುಗಿಯುವವರೆಗೆ ಬಾಳುತ್ತದೆ. ಒಳ್ಳೆಯ ಟೆಂಟ್‌ನ ಜೊತೆಗೇ ಆ ಕೊಳವೆ ಬರುತ್ತದೆ; ಅದನ್ನು ಮನೆಯಲ್ಲಿ ಬಿಟ್ಟು ಹೊರಡಬೇಡಿ. ಅಲ್ಯುಮಿನಿಯಂ ಎಂದರೆ ಎಲ್ಲವೂ ಒಂದೇ ಅಲ್ಲ. 7001 ಅಥವಾ 7075 ಎಂಬ ಮಿಶ್ರಲೋಹದ ಹೆಸರು ವಿವರದಲ್ಲಿದೆಯೇ ನೋಡಿ. ದಪ್ಪ ಎಂಟೂವರೆ ಮಿಲಿಮೀಟರ್ ಆಚೀಚೆ ಇದ್ದರೆ ಇಬ್ಬರ ಟೆಂಟ್‌ಗೆ ಸಾಕು. ಖರ್ಚು ಎಲ್ಲಿ ಮಾಡಬೇಕು ಎಂದು ಕೇಳಿದರೆ ನನ್ನ ಮೊದಲ ಉತ್ತರ ಪೋಲ್.

ಮಳೆ ತಡೆಯುವ ಲೆಕ್ಕವನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 3,000 ಎಂದರೆ ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರದು ಎಂದು ಅರ್ಥ. ಮಳೆಹನಿಯ ಒತ್ತಡ ಅಷ್ಟಿರುವುದಿಲ್ಲ, ಆದ್ದರಿಂದ ಹೊರ ಹೊದಿಕೆಗೆ 2,000 ಇದ್ದರೂ ನಡೆಯುತ್ತದೆ. ನೆಲದ ಬಟ್ಟೆಯದು ಬೇರೆ ಮಾತು. ಒದ್ದೆ ನೆಲದ ಮೇಲೆ ಮೊಣಕಾಲೂರಿ ಕುಳಿತಾಗ ಆ ಒಂದು ಜಾಗಕ್ಕೆ ಮೈಯ ಭಾರವೆಲ್ಲ ಬೀಳುತ್ತದೆ, ನೀರು ಅಲ್ಲಿಂದ ಒಸರುತ್ತದೆ. ನೆಲಕ್ಕೆ 3,000ಕ್ಕಿಂತ ಕಡಿಮೆ ಬೇಡ, 5,000 ಇದ್ದರೆ ನೆಮ್ಮದಿ. ಅಂಗಡಿಯವರು 8,000, 10,000 ಎಂದು ದೊಡ್ಡ ಸಂಖ್ಯೆ ತೋರಿಸಿದರೆ ಮರುಳಾಗಬೇಡಿ. ಹೊಲಿಗೆಯ ಒಳಬದಿಗೆ ಉದ್ದಕ್ಕೂ ಟೇಪ್ ಹಚ್ಚಿದೆಯೇ ಎಂದು ಬೆರಳಾಡಿಸಿ ನೋಡಿ. ಸೋರುವುದು ಹೆಚ್ಚಾಗಿ ಸೂಜಿ ಹೋದ ತೂತಿನಲ್ಲಿ. ಸಿಲಿಕೋನ್ ಲೇಪದ ಬಟ್ಟೆಗೆ ಟೇಪ್ ಅಂಟುವುದಿಲ್ಲ, ಅದಕ್ಕೆ ಸಿಲಿಕೋನ್ ಅಂಟನ್ನೇ ಹೊಲಿಗೆಗೆ ಬಳಿಯಬೇಕು.

ನೈಲಾನೋ ಪಾಲಿಯೆಸ್ಟರೋ ಎಂಬ ಪ್ರಶ್ನೆಗೆ ನಮ್ಮ ಕಡೆಗೆ ನಾನು ಪಾಲಿಯೆಸ್ಟರ್ ಎನ್ನುತ್ತೇನೆ. ನೈಲಾನ್ ಅದೇ ತೂಕಕ್ಕೆ ಹೆಚ್ಚು ಗಟ್ಟಿ, ಆದರೆ ನೀರು ಹೀರಿ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಹೊದಿಕೆ ನಡುರಾತ್ರಿ ಜೋತು ಬಿದ್ದು ಒಳಪದರಕ್ಕೆ ಅಂಟುತ್ತದೆ, ಎದ್ದು ಹೊರಗೆ ಹೋಗಿ ದಾರ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೂ ಹೆಚ್ಚು ಬಾಳುತ್ತದೆ. ನಮ್ಮದು ಪಾಲಿಯೆಸ್ಟರ್. ಆ ರಾತ್ರಿ ಮಳೆ ಹೊಯ್ಯುತ್ತಿರುವಾಗ ಟಾರ್ಚ್ ಹಿಡಿದು ನೋಡಿದರೆ ಹೊದಿಕೆಯ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು. ಒಂದಕ್ಕೊಂದು ಕೂಡಿ ದಪ್ಪಗಾದಾಗ ಮಾತ್ರ ಜಾರಿ, ಒಳಟೆಂಟಿನ ಬಲೆಗೆ ತಾಗದೆ, ಅಂಚಿನವರೆಗೆ ಇಳಿದು ನೆಲ ಸೇರುತ್ತಿದ್ದವು. "ಸೋರ್ತಾ ಉಂಟಲ್ಲ ಭಾವ?" ಎಂದು ಭಾವ ಕೇಳಿದ. ಸೋರಿಕೆ ಅಲ್ಲ ಅದು. ಇಬ್ಬರ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬೀಳುತ್ತದೆ, ತಂಪಾದ ಬಟ್ಟೆಗೆ ತಾಗಿ ಹನಿಯಾಗುತ್ತದೆ.

ಇದಕ್ಕಾಗಿಯೇ ಒಂದೇ ಪದರದ ಟೆಂಟ್ ನಮ್ಮ ಸೆಕೆಗೆ ಬೇಡ. ಒಳಗೆ ಬಲೆ, ಹೊರಗೆ ಬೇರೆಯೇ ಹೊದಿಕೆ, ನಡುವೆ ಒಂದು ಅಂಗೈಯಷ್ಟಾದರೂ ತೆರಪು. ನೆತ್ತಿಯಲ್ಲಿ ಗಾಳಿಕಿಂಡಿ ಇರಬೇಕು, ಅದು ಮಳೆಯಲ್ಲೂ ತೆರೆದಿಡುವಂತಿರಬೇಕು. ಬಲೆ ತೀರಾ ಸಣ್ಣ ಕಣ್ಣಿನದಿರಲಿ, ನುಸಿಯನ್ನೂ ಉಂಬುಳವನ್ನೂ (ಜಿಗಣೆ) ತಡೆಯುವಂಥದ್ದು. ಬಾಗಿಲು ಎರಡಿದ್ದರೆ ಎದುರುಬದುರು ಗಾಳಿ ಆಡುತ್ತದೆ; ರಾತ್ರಿ ಎದ್ದವನು ಇನ್ನೊಬ್ಬನನ್ನು ದಾಟಿ ಹೋಗುವುದೂ ತಪ್ಪುತ್ತದೆ. ಈ ಎರಡನೆಯ ಬಾಗಿಲಿಗಾಗಿ ಇನ್ನೂರು ಗ್ರಾಂ ಹೆಚ್ಚು ಹೊರಲು ನಾನು ಯಾವಾಗಲೂ ತಯಾರು.

ಇಬ್ಬರ ಟೆಂಟ್ ಎಂದು ಮಾರುವುದರಲ್ಲಿ ಇಬ್ಬರು ಮಲಗಬಹುದು, ಚೀಲ ಹಿಡಿಸಲಿಕ್ಕಿಲ್ಲ. ಅಗಲ 130 ಸೆಂಟಿಮೀಟರ್ ಇರಲಿ. ಭಾವ ಆರಡಿ ಆಳು. ಗೋಡೆ ಇಳಿಜಾರಾಗಿರುವುದರಿಂದ ನೆಲ 210 ಸೆಂಟಿಮೀಟರ್ ಉದ್ದವಿದ್ದರೂ ಅವನ ಕಾಲ ಬೆರಳು ಬಟ್ಟೆಗೆ ತಾಗುತ್ತಿತ್ತು. ಎತ್ತರದವರು 220 ನೋಡಿ. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಇಬ್ಬರೂ ಒಳಗೆ ಮಲಗಿ ನೋಡುವುದೇ ಸರಿ. ತೂಕ ಎರಡು, ಎರಡೂವರೆ ಕಿಲೋದೊಳಗೆ ಇದ್ದರೆ ಬಟ್ಟೆ ಒಬ್ಬರು, ಪೋಲ್ ಒಬ್ಬರು ಹಂಚಿಕೊಂಡು ಸುಖವಾಗಿ ಹೊರಬಹುದು. ಅದಕ್ಕಿಂತ ಹಗುರ ಬೇಕೆಂದು ತೆಳು ಬಟ್ಟೆಗೆ ಹೋದರೆ ಪಾರೆಯ ಗರಸು ನೆಲವನ್ನು ತಿನ್ನುತ್ತದೆ. ಅಡಿಗೆ ಒಂದು ಹಾಸು ಹಾಕಲೇಬೇಕು. ಅದು ಟೆಂಟ್‌ನ ನೆಲಕ್ಕಿಂತ ಎಲ್ಲ ಬದಿಗೂ ಎರಡು ಬೆರಳು ಚಿಕ್ಕದಿರಲಿ. ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು ನಿಮ್ಮಡಿಗೇ ಬರುತ್ತದೆ.

ಬೇಕಲ ಕೋಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಳದಿಯ ಶಿವಪ್ಪ ನಾಯಕನ ಕಾಲದ್ದು, 17ನೇ ಶತಮಾನದ್ದು, ಕನ್ನಡಿಗರೆಲ್ಲ ಒಮ್ಮೆ ನೋಡಲೇಬೇಕು. ಕೋಟೆಯ ಆವರಣದಲ್ಲಿ ಟೆಂಟ್ ಹಾಕುವ ಮಾತಿಲ್ಲ. ನಾವು ಸ್ವಲ್ಪ ದೂರದ ಒಂದು ತೆಂಗಿನ ತೋಟದವರನ್ನು ಕೇಳಿಕೊಂಡು ಕಡಲ ಬದಿಯಲ್ಲಿ ಉಳಿದೆವು. ತೆಂಗಿನ ಬುಡದಿಂದ ದೂರವಿರಿ. ಕಾಯಿ ಬೇಡ, ಒಣ ಮಡಲು (ಗರಿ) ಬಿದ್ದರೂ ಟೆಂಟ್ ಕತೆ ಮುಗಿಯಿತು. ಮರಳಿನಲ್ಲಿ ಗೂಟ ನೆಟ್ಟಗೆ ಹೊಡೆಯದೆ, ದಾರಕ್ಕೆ ತೆಂಗಿನ ಸಿಪ್ಪೆ ಕಟ್ಟಿ ಮೊಳದಾಳಕ್ಕೆ ಹೂತು, ಮೇಲಿನಿಂದ ಮರಳು ತುಳಿದು ಗಟ್ಟಿ ಮಾಡಿದೆವು. ರಾತ್ರಿಯಿಡೀ ಬೀಸಿದ ಗಾಳಿಗೂ ಅದು ಅಲುಗಲಿಲ್ಲ. ಟೆಂಟ್‌ನ ಕಿರಿದಾದ ಬದಿ ಗಾಳಿಗೆ ಮುಖ ಮಾಡಿರಲಿ. ಮರಳು ಜಿಪ್ಪಿನ ಶತ್ರು. ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಜೊತೆಗಿದ್ದರೆ ಸಾಕು. ಉಪ್ಪುಗಾಳಿ ತಾಗಿದ ಪೋಲ್‌ಗಳನ್ನು ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿಡಿ.

ರಾಣಿಪುರಕ್ಕೆ ಕಾಞಂಗಾಡಿನಿಂದ ಪಾಣತ್ತೂರಿನ ದಾರಿ. ಪಾಣತ್ತೂರು ಬಸ್ಸು ಸಿಗುತ್ತದೆ, ಕೊನೆಯ ಕೆಲವು ಕಿಲೋಮೀಟರ್ ಜೀಪು ಹಿಡಿಯಬೇಕು. ಮೊದಲು ಮಾಡತ್ತುಮಲ ಎಂದಿದ್ದ ಊರು ಇದು. ಸುಮಾರು 750 ಮೀಟರ್ ಎತ್ತರ, ಆಚೆ ಬದಿ ಕೊಡಗಿನ ತಲಕಾವೇರಿ ಕಾಡು. ಚಾರಣಕ್ಕೆ ಅರಣ್ಯ ಇಲಾಖೆಯ ಚೀಟಿ ಬೇಕು, ಹಗಲು ಮಾತ್ರ ಬಿಡುತ್ತಾರೆ, ಆನೆ ಓಡಾಟವಿದ್ದರೆ ಅದೂ ಇಲ್ಲ. ಕಾಡಿನೊಳಗೆ ಟೆಂಟ್ ಹಾಕುವ ಹಾಗಿಲ್ಲ, ಹಾಕಲೂಬಾರದು. ಕೆಳಗಿನ ಮನೆಯೊಂದರ ಅಂಗಳದಲ್ಲಿ ಬಾಡಿಗೆ ಕೊಟ್ಟು ಉಳಿದೆವು. ನಾವು ತಲುಪುವಾಗಲೇ ಮಳೆ ಶುರುವಾಗಿತ್ತು, ಆಗ ಈ ಟೆಂಟ್‌ನ ಇನ್ನೊಂದು ಗುಣ ಕೆಲಸಕ್ಕೆ ಬಂತು: ಹೊರ ಹೊದಿಕೆಯನ್ನು ಮೊದಲು ಕಟ್ಟಿ, ಅದರಡಿ ಕುಳಿತುಕೊಂಡೇ ಒಳಟೆಂಟ್ ತೂಗುಹಾಕಬಹುದು. ಬಹುಪಾಲು ಟೆಂಟ್‌ಗಳಲ್ಲಿ ಒಳಗಿನದನ್ನು ಮೊದಲು ನಿಲ್ಲಿಸಬೇಕು, ಅಷ್ಟರಲ್ಲಿ ಮಲಗುವ ಜಾಗವೆಲ್ಲ ಒದ್ದೆ. ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳಿ. ಮನೆಯ ಚೇಚಿ (ಅಕ್ಕ) ಬಿಸಿ ಕಟ್ಟಂಚಾಯ, ಅಂದರೆ ಹಾಲಿಲ್ಲದ ಚಹಾ, ಕೊಟ್ಟು, "ಒಳಗೆ ಮಲಗಿ ಮಕ್ಕಳೇ" ಎಂದು ಮಲಯಾಳದಲ್ಲಿ ಹೇಳುತ್ತಲೇ ಇದ್ದರು. ಬೆಳಿಗ್ಗೆ ಅಂಗಳದ ಆಚೆ ತುದಿ ಕಾಣದಷ್ಟು ಮಂಜು, ಹೊದಿಕೆ ಹೊರಗೂ ಒಳಗೂ ತೊಯ್ದಿತ್ತು, ನಾವು ಒಣಗಿಯೇ ಇದ್ದೆವು.

ಆದರೆ ನಮ್ಮ ಸೀಮೆಯಲ್ಲಿ ಟೆಂಟ್ ಹಾಳಾಗುವುದು ಗುಡ್ಡೆಯ ಮೇಲಿಗಿಂತ ಹೆಚ್ಚು ಮನೆಯ ಅಟ್ಟದಲ್ಲಿ. ಬಟ್ಟೆಯ ಒಳಮೈಗೆ ನೀರು ತಡೆಯಲು ಬಳಿದ ಪಿಯು (ಪಾಲಿಯುರೆಥೇನ್) ಲೇಪ ತೇವ ಮತ್ತು ಸೆಕೆ ಸೇರಿದಾಗ ಮೆಲ್ಲಗೆ ಕರಗುತ್ತದೆ. ಮುಟ್ಟಿದರೆ ಅಂಟಂಟು, ಬಿಡಿಸಿದರೆ ಹುಳಿ ವಾಸನೆ, ಆಮೇಲೆ ಹೊಟ್ಟಿನಂತೆ ಉದುರುತ್ತದೆ. ಒಮ್ಮೆ ಅಲ್ಲಿಗೆ ತಲುಪಿದರೆ ಹೊಸ ಲೇಪ ಹಾಕುವುದು ಮುಗಿಯದ ಕೆಲಸ. ಹೆಚ್ಚು ಕಾಲ ಬಾಳಬೇಕೆಂದರೆ ಸಿಲಿಕೋನ್ ಲೇಪದ ಪಾಲಿಯೆಸ್ಟರ್ ಹುಡುಕಿ, ಬೆಲೆ ಹೆಚ್ಚು, ಆದರೆ ಈ ರೋಗ ಅದಕ್ಕಿಲ್ಲ. ಪಿಯು ಇರುವುದನ್ನೇ ಕೊಂಡರೆ ಮನೆಗೆ ಬಂದ ದಿನವೇ ಬಿಡಿಸಿ ನೆರಳಿನಲ್ಲಿ ತಂತಿಯ ಮೇಲೆ ಹರವಿ, ಹೊಲಿಗೆಯ ಮಡಿಕೆಯವರೆಗೂ ಒಣಗಿಸಿ. ಅಡಿಕೆ ಒಣಗಿಸುವ ಸೋಲಾರ್ ಗೂಡಿಗೆ ಹಾಕಬೇಡಿ, ಆ ಕಾವು ಲೇಪಕ್ಕೂ ಟೇಪಿಗೂ ಕೆಟ್ಟದ್ದು. ಅದರದೇ ಬಿಗಿ ಚೀಲಕ್ಕೆ ತುರುಕದೆ ಹಳೆಯ ದಿಂಬಿನ ಚೀಲಕ್ಕೆ ಸಡಿಲವಾಗಿ ತುಂಬಿ, ಗಾಳಿಯಾಡುವ ಕೋಣೆಯಲ್ಲಿಡಿ. ಮಳೆಗಾಲದ ನಡುವೆ ಬಿಸಿಲು ಬಂದ ದಿನ ಒಮ್ಮೆ ಹೊರಗೆ ತೆಗೆದು ಕೊಡವಿ, ಬೂಷ್ಟು ಹಿಡಿದಿದೆಯೇ ನೋಡಿ. ಹಿಡಿದಿದ್ದರೆ ವಾಷಿಂಗ್ ಮೆಷಿನ್ ಬೇಡ. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು, ಮೆತ್ತಗಿನ ಸ್ಪಂಜು, ಮತ್ತೆ ನೆರಳಿನಲ್ಲೇ ಒಣಗಿಸುವುದು.