ಹುಣಸೆ ಬೀಜದ ಲೆಕ್ಕ
ನಾನು ಬಳ್ಳಾರಿಯಲ್ಲಿ ಎರಡನೇ ಪಿಯುಸಿ ಓದುವಾಗ ಫಿಸಿಕ್ಸ್ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂದಿತ್ತು. ವಿಕಿರಣ ಸೂಸುತ್ತಾ ಕಳೆದುಹೋಗುವ ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಇರೋದರಲ್ಲಿ ಅರ್ಧ ಕಳೆಯೋಕೆ ಬೇಕಾದ ಕಾಲ, 8 ದಿನ; 16 ದಿನ ಆದಮೇಲೆ ಎಷ್ಟು ಉಳಿಯುತ್ತೆ? ನಾನು ಸೊನ್ನೆ ಅಂತ ಬರೆದೆ. ಎಂಟು ದಿನಕ್ಕೆ ಅರ್ಧ ಹೋದರೆ ಹದಿನಾರಕ್ಕೆ ಪೂರ್ತಿ ಹೋಗಬೇಕಲ್ವಾ?

ಮೇಡಂ ಬೈಯಲಿಲ್ಲ. ಮಾರನೇ ದಿನ ಒಂದು ಡಬ್ಬಿ ತುಂಬ ಹುಣಸೆ ಬೀಜ ತಂದರು, ಚೌಕಾಬಾರಕ್ಕೆ ಮಾಡ್ತೀವಲ್ಲ, ಹಾಗೆ ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದು. ಎಣಿಸಿದರೆ 160. ಅವರ ಬೆರಳ ತುದಿ ಇನ್ನೂ ಕೆಂಪಗಿತ್ತು.

ಎಸೆಯೋದು, ಬಿಳಿ ಮಗ್ಗುಲು ಮೇಲಾಗಿ ಬಿದ್ದವನ್ನು ತೆಗೆದಿಡೋದು, ಉಳಿದವನ್ನು ಮತ್ತೆ ಎಸೆಯೋದು. 160, 83, 41, 22, 10, 6. ಒಂದು ಎಸೆತ ಅಂದರೆ ಎಂಟು ದಿನ ಅಂದುಕೊಂಡರೆ, ಎರಡನೇ ಎಸೆತಕ್ಕೆ ಸೊನ್ನೆ ಆಗಲಿಲ್ಲ, ಕಾಲು ಭಾಗ ಉಳಿಯಿತು. ನನ್ನ ತಪ್ಪು ಕಣ್ಣೆದುರೇ ಇತ್ತು. ಮೇಡಂ ಒಂದು ಬೀಜ ತೋರಿಸಿ, "ಇದು ಮುಂದಿನ ಸಲ ಹೋಗ್ತೈತೋ ಉಳಿತೈತೋ, ಹೇಳಪ್ಪಾ" ಅಂದರು. ಯಾರಿಗೂ ಹೇಳೋಕಾಗಲಿಲ್ಲ. ಒಂದು ಬೀಜದ ಗತಿ ಗೊತ್ತಾಗಲ್ಲ, ಗುಂಪಿನ ಲೆಕ್ಕ ಮಾತ್ರ ತಪ್ಪಲ್ಲ. ಪರಮಾಣುಗಳೂ ಹಾಗೇ. ಆಮೇಲೆ ಆ ಸಂಖ್ಯೆಗಳ ನ್ಯಾಚುರಲ್ ಲಾಗ್ ತೆಗೆದು ಗ್ರಾಫ್ ಹಾಕಿಸಿದರು. ಗೆರೆ ಹೆಚ್ಚುಕಮ್ಮಿ ನೆಟ್ಟಗೆ ಬಂತು, ಇಳಿಜಾರು 0.67. ಅದರಿಂದ 0.693 ಅನ್ನು (ಇದು 2ರ ನ್ಯಾಚುರಲ್ ಲಾಗ್) ಭಾಗಿಸಿದರೆ ನಮ್ಮ ಬೀಜಗಳ ಅರ್ಧಾಯುಷ್ಯ 1.03 ಎಸೆತ! ಈಗ ಓದುತ್ತಿರುವವರು ಸೂತ್ರ ಬಾಯಿಪಾಠ ಮಾಡೋಕೆ ಮುಂಚೆ ಇದನ್ನೊಮ್ಮೆ ಮಾಡಿ ನೋಡಿ.

ಇನ್ನೊಂದು ಲೆಕ್ಕ ನಾನು ಮರೆತೇ ಇಲ್ಲ. ನಮ್ಮೂರು ಕುಡತಿನಿ. ಅಲ್ಲಿನ ಬೂದಿ ಗುಡ್ಡ ರಾಕ್ಷಸನನ್ನು ಸುಟ್ಟ ಬೂದಿ ಅಂತ ಅಜ್ಜಿ ಹೇಳುತ್ತಿದ್ದಳು. ಅದು ಹೊಸ ಶಿಲಾಯುಗದ ಜನ ದನದ ಸಗಣಿ ರಾಶಿ ಹಾಕಿ ಸುಟ್ಟಿದ್ದು ಅಂತ ಮೇಡಂ ವಿವರಿಸಿದರು. ಮರ ಬದುಕಿರುವವರೆಗೆ ಗಾಳಿಯಿಂದ ಕಾರ್ಬನ್-14 ತಗೊಳ್ಳುತ್ತೆ, ಸತ್ತಮೇಲೆ ಇರೋದು ಕರಗುತ್ತಾ ಹೋಗುತ್ತೆ, ಅರ್ಧಾಯುಷ್ಯ 5730 ವರ್ಷ. "ಇಂಥ ಗುಡ್ಡದಲ್ಲಿ ಸಿಕ್ಕ ಇದ್ದಿಲಿನಲ್ಲಿ ನೂರಕ್ಕೆ 62 ಪಾಲು ಉಳಿದಿದೆ ಅಂತ ಇಟ್ಟುಕೊಳ್ಳಿ, ವಯಸ್ಸೆಷ್ಟು?" 5730 ಅನ್ನು 0.693ರಿಂದ ಭಾಗಿಸಿ 0.478ರಿಂದ (100/62ರ ನ್ಯಾಚುರಲ್ ಲಾಗ್) ಗುಣಿಸಿದೆ. ಸುಮಾರು 3950 ವರ್ಷ.

ಆ ಭಾನುವಾರ ಊರಿಗೆ ಹೋದವನು ಹಾಳೆ ಹಿಡಿದು ಅಜ್ಜಿಗೆ ಎಲ್ಲಾ ಹೇಳಿದೆ. ಅವಳು ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದಳು, ಪುಟ್ಟಿ ಕೆಳಗಿಟ್ಟು, "ಅಷ್ಟು ವರ್ಷದಿಂದ ಇಲ್ಲಿ ದನ ಕಟ್ಯಾರೇನು?" ಅಂತ ಕೇಳಿದಳು.