360 ಕ್ಯಾಮೆರಾ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ

"ವರ್ಚುವಲ್ ಟೂರ್ ಮಾಡಬೇಕು, ಯಾವ 360 ಕ್ಯಾಮೆರಾ ತಗೊಳ್ಳಲಿ?" ಸುತ್ತಲಿನದನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯುವ ಕ್ಯಾಮೆರಾದಿಂದ, ಪರದೆ ಮೇಲೇ ಮನೆಯೊಳಗೆ ಓಡಾಡಿದ ಹಾಗೆ ತೋರಿಸುವ ಟೂರ್ ಮಾಡುವುದು ನನ್ನ ಕೆಲಸ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಅರ್ಧ ಜನ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. "72 ಮೆಗಾಪಿಕ್ಸೆಲ್‌ದು ಇದೆಯಲ್ಲ, ಅದೇ ಒಳ್ಳೇದು ಅಲ್ವಾ?"

ಇರಬಹುದು. ಆದರೆ ನಾನು ಮೊದಲು ಕೇಳುವುದೇ ಬೇರೆ. ನೀವು ತೆಗೆಯುವ ಕೋಣೆಗೆ ಕಿಟಕಿ ಇದೆಯಾ?

ಮಾಮೂಲಿ ಫೋಟೋದಲ್ಲಿ ಕಿಟಕಿ ಕಾಟ ಕೊಟ್ಟರೆ ಅದಕ್ಕೆ ಬೆನ್ನು ಮಾಡಿ ನಿಂತರಾಯಿತು. 360 ಕ್ಯಾಮೆರಾಕ್ಕೆ ಬೆನ್ನೇ ಇಲ್ಲ. ಕಣ್ಣು ಕುಕ್ಕುವ ಕಿಟಕಿ, ಮಂಚದ ಕೆಳಗಿನ ಕತ್ತಲು, ಎರಡೂ ಒಂದೇ ಚಿತ್ರದೊಳಗೆ ಬರಬೇಕು. ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) ಚಿಕ್ಕದಾದರೆ ಸೋಲುವುದು ಇಲ್ಲೇ. ಕಿಟಕಿ ಬರೀ ಬಿಳಿ ಚೌಕವಾಗುತ್ತದೆ. ಸರಳುಗಳ ಅಂಚಿಗೆ ನೇರಳೆ ಗೆರೆ ಅಂಟಿಕೊಳ್ಳುತ್ತದೆ. ಮೂಲೆಯ ನೆರಳಿನಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಳು.

ಹಾಗಾಗಿ ಬಾಕ್ಸ್ ಮೇಲೆ ನಾನು ಮೊದಲು ಹುಡುಕುವುದು ಸೆನ್ಸರ್ ಅಳತೆ. ಆಮೇಲೆ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ಸಿಗುತ್ತದಾ, ಬ್ರಾಕೆಟಿಂಗ್ ಇದೆಯಾ ಅಂತ. ಬ್ರಾಕೆಟಿಂಗ್ ಅಂದರೆ ಕ್ಯಾಮೆರಾ ಅಲ್ಲಾಡದೆ ಒಂದೇ ಜಾಗದಿಂದ ಕತ್ತಲೆಯದು, ಸರಿಯಾದದ್ದು, ಬೆಳಕಿನದು ಅಂತ ಮೂರೋ ಐದೋ ಫೋಟೋ ತೆಗೆಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಅವನ್ನು ಬೆರೆಸಿದರೆ ಕಿಟಕಿಯಾಚೆಯ ಮರವೂ ಕಾಣುತ್ತದೆ, ಮಂಚದ ಕೆಳಗಿನ ಚಪ್ಪಲಿಯೂ ಕಾಣುತ್ತದೆ. (ಚಪ್ಪಲಿಯನ್ನು ಮೊದಲೇ ಎತ್ತಿಡಿ.)

ಉದಾಹರಣೆಗೆ ರಿಕೋ ಕಂಪನಿಯ 360 ಕ್ಯಾಮೆರಾ ಥೀಟಾ ಝಡ್1. ಅದು ಬಂದಿದ್ದು 2019ರಲ್ಲಿ. ಒಂದು ಇಂಚಿನ ಎರಡು ಸೆನ್ಸರ್, ಚಿತ್ರ 6720×3360, ಸುಮಾರು 23 ಮೆಗಾಪಿಕ್ಸೆಲ್. ಒಂದು ಇಂಚು ಅನ್ನುವುದು ಬರೀ ಹೆಸರಿಗೆ. ಅಳೆದರೆ 13.2×8.8 ಮಿಲಿಮೀಟರ್. ಆದರೂ 72 ಮೆಗಾಪಿಕ್ಸೆಲ್ ಕೊಡುವ ಇನ್‌ಸ್ಟಾ360 ಎಕ್ಸ್4ರ ಅರ್ಧ ಇಂಚಿನ ಸೆನ್ಸರ್ ಪಕ್ಕಕ್ಕಿಟ್ಟರೆ ಇದು ಸಾಕಷ್ಟು ದೊಡ್ಡದು. ಮಬ್ಬು ಬೆಳಕಿನ ಕೋಣೆಗೆ ನನ್ನ ಓಟು ಇವತ್ತಿಗೂ ಝಡ್1ಗೆ. ಎಕ್ಸ್4ನಲ್ಲೂ 18 ಮೆಗಾಪಿಕ್ಸೆಲ್ ಅಂತ ಇನ್ನೊಂದು ಆಯ್ಕೆ ಇದೆ. ಕತ್ತಲೆ ಜಾಸ್ತಿ ಇದ್ದರೆ ಅದನ್ನೇ ಒತ್ತಿ ನೋಡಿ. ದೊಡ್ಡ ಸಂಖ್ಯೆ ಬಿಟ್ಟುಕೊಟ್ಟೆ ಅಂತ ಬೇಜಾರಾಗಬೇಡಿ.

ಹಾಗಂತ ಮೆಗಾಪಿಕ್ಸೆಲ್ ಲೆಕ್ಕಕ್ಕೇ ಇಲ್ಲ ಅಂತಲ್ಲ. ಝಡ್1ರ ಅಗಲದ ಆ 6720 ಪಿಕ್ಸೆಲ್ ಸುತ್ತಲಿನ ಇಡೀ ನೋಟಕ್ಕೆ ಹಂಚಿಹೋಗಬೇಕು. ನೋಡುವವರ ಪರದೆ ಮೇಲೆ ಒಮ್ಮೆಗೆ ಸುತ್ತಿನ ಕಾಲು ಭಾಗ ಕಾಣುತ್ತದೆ ಅಂದುಕೊಳ್ಳಿ. ಸಿಗುವುದು 1680 ಪಿಕ್ಸೆಲ್. ಮಾಮೂಲಿ ಫುಲ್ ಎಚ್‌ಡಿ ಪರದೆಯ ಅಗಲವೇ 1920. ಝೂಮ್ ಮಾಡಿದರಂತೂ ಮಸುಕು. 2022ರಲ್ಲಿ ಬಂದ ರಿಕೋದ್ದೇ ಥೀಟಾ ಎಕ್ಸ್ 11008×5504 ಕೊಡುತ್ತದೆ, ಕಾಲು ಭಾಗಕ್ಕೆ 2752. ತೋಟ, ಅಂಗಳ, ಬೆಳಕು ಚೆನ್ನಾಗಿರುವ ದೊಡ್ಡ ಹಾಲ್ ಇಂಥದ್ದೇ ಜಾಸ್ತಿ ತೆಗೆಯುವವರಿಗೆ ಇದು ಅನುಕೂಲ. ಮೆಮೊರಿ ಕಾರ್ಡ್ ಹಾಕಬಹುದು, ಬ್ಯಾಟರಿ ಬಿಚ್ಚಿ ಬದಲಾಯಿಸಬಹುದು. ಝಡ್1ರಲ್ಲಿ ಇವೆರಡೂ ಇಲ್ಲ. ದಿನವಿಡೀ ಓಡಾಡಿ ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

8ಕೆ ವಿಡಿಯೋ, ಕುಲುಕಾಟ ತಡೆಯುವುದು, ನೀರೊಳಗೆ ಇಳಿಯುವುದು ಇವೆಲ್ಲ ಬೈಕ್ ಓಡಿಸುವವರಿಗೆ. ಟ್ರೈಪಾಡ್ ಮೇಲೆ ಸುಮ್ನೆ ನಿಲ್ಲುವ ಕ್ಯಾಮೆರಾಕ್ಕೆ ಅವು ಬೇಡ.

ಬಾಕ್ಸ್ ಮೇಲೆ ಬರೆಯದೇ ಇರುವ ವಿಷಯ ಒಂದಿದೆ. ಜೋಡಣೆ, ಅಂದರೆ ಸ್ಟಿಚಿಂಗ್. ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ. ಕೈ ಚಾಚಿ ದೂರ ಹಿಡಿದರೆ ಜಿಗಿತ ಕಡಿಮೆ. ಕ್ಯಾಮೆರಾದ ಎರಡು ಲೆನ್ಸಿಗೂ ಹೀಗೇ ಆಗುವುದು. ಬೆನ್ನಿಗೆ ಬೆನ್ನು ಹಚ್ಚಿ ನಿಂತ ಅವುಗಳ ಚಿತ್ರಗಳು ಸೇರುವ ಗೆರೆಯಲ್ಲಿ ಹತ್ತಿರದ ವಸ್ತು ಇದ್ದರೆ ಅದು ಮುರಿದ ಹಾಗೆ ಕಾಣುತ್ತದೆ. ಯಾವ ಕಂಪನಿ ಕ್ಯಾಮೆರಾ ಆದರೂ ಇದು ಪೂರ್ತಿ ತಪ್ಪುವುದಿಲ್ಲ. ಆದರೆ ಕ್ಯಾಮೆರಾ ತಿರುಗಿಸಿ ಅಡಗಿಸಬಹುದು. ಬಾಗಿಲಲ್ಲಿ ನಿಲ್ಲಿಸುವಾಗ ಎರಡು ಲೆನ್ಸೂ ಎಡಬಲದ ಚೌಕಟ್ಟುಗಳನ್ನು ನೋಡಲಿ. ಆಗ ಸೇರುವ ಗೆರೆ ದೂರದ ಗೋಡೆಗಳ ಮೇಲೆ ಹಾದುಹೋಗುತ್ತದೆ. ಹೊಸ್ತಿಲು ಸ್ವಲ್ಪ ಸೊಟ್ಟಗಾಗಬಹುದು, ಅದನ್ನು ಯಾರೂ ಗಮನಿಸುವುದಿಲ್ಲ. ಕ್ಯಾಮೆರಾ ತೆಳ್ಳಗಿದ್ದಷ್ಟೂ ಈ ಗೋಳು ಕಡಿಮೆ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಒಂದು ಇಡೀ ಮನೆ ತೆಗೆದೆ, ಹನ್ನೊಂದು ಜಾಗದಿಂದ. ಫೋನಿನ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗೇ ಇತ್ತು. ವಾಪಸ್ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಪ್ರತಿ ಕೋಣೆಯ ಅರ್ಧಕ್ಕೆ ಮಂಜು ಕವಿದಿತ್ತು. ಒಂದು ಲೆನ್ಸಿನ ಮೇಲೆ ನನ್ನದೇ ಬೆರಳಚ್ಚು! ಮರುದಿನ ಮತ್ತೆ ಹೋಗಿ ಹನ್ನೊಂದನ್ನೂ ತೆಗೆದೆ. ಈ ಲೆನ್ಸ್‌ಗಳು ಎರಡೂ ಕಡೆ ಕಪ್ಪೆಯ ಕಣ್ಣಿನ ಹಾಗೆ ಉಬ್ಬಿಕೊಂಡಿರುತ್ತವೆ. ಹಿಡಿಯುವಾಗ ಬೆರಳು ತಾಗುತ್ತದೆ, ಮೇಜಿನ ಮೇಲೆ ಮಲಗಿಸಿದರೆ ಗೀರು ಬೀಳುತ್ತದೆ. 2025ರ ಇನ್‌ಸ್ಟಾ360 ಎಕ್ಸ್5ರಲ್ಲಿ ಲೆನ್ಸನ್ನು ನಾವೇ ಬದಲಾಯಿಸಬಹುದು. ಅದರ ಸೆನ್ಸರ್ ಕೂಡ ಎಕ್ಸ್4ಗಿಂತ ದೊಡ್ಡದು. ಟೂರ್ ಜೊತೆಗೆ ವಿಡಿಯೋನೂ ಬೇಕು ಅನ್ನುವವರಿಗೆ ನಾನು ಹೇಳುವ ಹೆಸರು ಅದು.

ಕ್ಯಾಮೆರಾದಷ್ಟೇ ಮುಖ್ಯ ಸಣ್ಣ ಪಾದದ, ತೆಳ್ಳಗಿನ ಸ್ಟ್ಯಾಂಡ್. ಅಗಲ ಕಾಲಿನ ಟ್ರೈಪಾಡ್ ಇಟ್ಟರೆ ನೆಲದ ಮೇಲೆ ದೊಡ್ಡ ಜೇಡ ಕೂತ ಹಾಗೆ ಕಾಣುತ್ತದೆ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸುವುದು) ಆಟೋದಲ್ಲಿ ಬಿಡಬೇಡಿ, ಒಂದು ಕೋಣೆ ಹಳದಿ ಇನ್ನೊಂದು ನೀಲಿ ಆಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಎರಡು ಮಾಡೆಲ್ ನಡುವೆ ಒದ್ದಾಡುತ್ತಿದ್ದರೆ, ಅವನ್ನು ಇಟ್ಟುಕೊಂಡಿರುವ ಯಾರನ್ನಾದರೂ ಹಿಡಿಯಿರಿ. ಕಿಟಕಿ ಇರುವ ಕೋಣೆಯಲ್ಲಿ, ಮಧ್ಯಾಹ್ನ, ಲೈಟ್ ಹಾಕದೆ ಒಂದು ಫೋಟೋ ತೆಗೆದು ಕಳಿಸಿ ಅನ್ನಿ. ಮೆಸೇಜಿನಲ್ಲಿ ಕುಗ್ಗಿಸಿದ್ದು ಬೇಡ, ಮೂಲ ಫೈಲೇ ಬೇಕು. ಅದನ್ನು ದೊಡ್ಡ ಪರದೆಯಲ್ಲಿ ತೆರೆದು ಮೊದಲು ಕಿಟಕಿ ಸರಳಿನ ಹತ್ತಿರಕ್ಕೆ ಹೋಗಿ, ಆಮೇಲೆ ಮಂಚದ ಕೆಳಗೆ ಇಣುಕಿ.