ಅಪ್ಪ ಒತ್ತಿದ ಪೀನಟ್ ಬಟರ್ ಕುಕೀಗಳು

ಅಪ್ಪ ಮೊದಲ ಸಲ ಜಾರ್ಜಿಯಾಕ್ಕೆ ಬಂದಾಗ ಅಟ್ಲಾಂಟಾದ ಕಟ್ಟಡಗಳು ಅವರನ್ನು ಅಷ್ಟಾಗಿ ಹಿಡಿಯಲಿಲ್ಲ. "ಇಲ್ಲಿ ಶೇಂಗಾ ಬೆಳೀತಾರಂತಲ್ಲ, ಆ ಕಡೆ ಕರ್ಕೊಂಡು ಹೋಗು" ಅಂದರು. ಚಳ್ಳಕೆರೆ ಸೀಮೆಯ ರೈತ, ಜೀವನವಿಡೀ ಶೇಂಗಾ ಬೆಳೆದವರು. ಬೇರೆ ಏನು ಕೇಳುತ್ತಾರೆ? ಅಮೆರಿಕದ ಶೇಂಗಾದಲ್ಲಿ ಹತ್ತಿರಹತ್ತಿರ ಅರ್ಧ ಬೆಳೆಯುವುದು ಈ ಒಂದು ರಾಜ್ಯದಲ್ಲೇ. ಅಕ್ಟೋಬರ್ ತಿಂಗಳು, ಕೊಯ್ಲಿನ ಕಾಲ. ಶನಿವಾರ ಬೆಳಿಗ್ಗೆ ಪ್ಲೇನ್ಸ್ ಕಡೆ ಹೊರಟೆವು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ಊರು ಅದು. ಅವರೂ ಶೇಂಗಾ ರೈತರೇ ಆಗಿದ್ದರು. ಊರಿನಲ್ಲಿ ಅವರ ನಗುವನ್ನೇ ಹೊತ್ತ ದೊಡ್ಡ ಶೇಂಗಾಕಾಯಿಯ ಪ್ರತಿಮೆ ಇದೆ. ಅಪ್ಪ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಆದರೆ ಅವರಿಗೆ ಬೇಕಿದ್ದದ್ದು ಹೊಲ. ದಾರಿಯಲ್ಲಿ ಒಂದು ಕಡೆ ಕಾರು ನಿಲ್ಲಿಸಿದೆವು. ಯಂತ್ರ ಗಿಡಗಳನ್ನು ಬೇರುಸಮೇತ ಎತ್ತಿ, ಕಾಯಿ ಮೇಲೆ ಬರುವ ಹಾಗೆ ತಿರುವಿಹಾಕಿ ಸಾಲುಸಾಲಾಗಿ ಮಲಗಿಸಿತ್ತು. ಎರಡು ಮೂರು ದಿನ ಬಿಸಿಲಿಗೆ ಒಣಗಿದ ಮೇಲೆ ಇನ್ನೊಂದು ಯಂತ್ರ ಬಂದು ಕಾಯಿ ಬಿಡಿಸುತ್ತದೆ. "ನಾವೂ ಕಿತ್ತು ಹಿಂಗೇ ಬೇರು ಮೇಲೆ ಮಾಡಿ ಒಣಗಿಸ್ತೀವಿ. ಇವರದ್ದು ಯಂತ್ರ, ನಮ್ಮದು ಕೈ" ಅಂದರು. ರಸ್ತೆ ಬದಿಗೆ ಬಿದ್ದಿದ್ದ ಒಂದು ಕಾಯಿ ಒಡೆದು, ಬೀಜವನ್ನು ಬೆರಳಲ್ಲಿ ಉರುಳಿಸಿ ನೋಡಿದರು. ಅವರು ಬೆಳೆಯುವುದು ಟಿಎಂವಿ-2 ಎಂಬ ತಳಿ, ಎರಡು ಬೀಜದ ಸಣ್ಣ ಕಾಯಿ. ಇಲ್ಲಿಯದು ರನ್ನರ್ ಜಾತಿ. ಬೀಜ ಹೆಚ್ಚುಕಮ್ಮಿ ಒಂದೇ ಗಾತ್ರ ಇರುವುದರಿಂದ ಹುರಿದಾಗ ಸಮನಾಗಿ ಹುರಿಯುತ್ತದೆ. ಅಮೆರಿಕದ ಪೀನಟ್ ಬಟರ್ ಬಹುಪಾಲು ಇದರಿಂದಲೇ ಆಗುವುದು.

ಮಾರನೇ ದಿನ ಭಾನುವಾರ. ತಾತನಿಗೆ ಕುಕೀ ಮಾಡಿಕೊಡಬೇಕು ಅಂತ ಮಗಳು ಹಟ ಹಿಡಿದಳು. ಅಪ್ಪ ಮೊಟ್ಟೆ ತಿನ್ನುವುದಿಲ್ಲ. ಹಾಗಾಗಿ ಎರಡು ಕಂತು ಮಾಡುವುದು ಅಂತಾಯಿತು. ಒಂದಕ್ಕೆ ಒಂದು ಮೊಟ್ಟೆ, ಇನ್ನೊಂದಕ್ಕೆ ಅದರ ಬದಲು ಮೂರು ಟೇಬಲ್ ಚಮಚ ಹಾಲು.

ಪೀನಟ್ ಬಟರ್ ಬಾಟಲಿ ತೆರೆದ ಕೂಡಲೇ ಅಪ್ಪ ಕೇಳಿದ್ದು, "ಎಣ್ಣೆ ಯಾಕೆ ಮೇಲೆ ಬಂದಿಲ್ಲ?" ಶೇಂಗಾ ಬಲ್ಲವರು ಮಾತ್ರ ಕೇಳುವ ಪ್ರಶ್ನೆ ಅಲ್ವಾ? ಹುರಿದ ಶೇಂಗಾ ಸುಮ್ನೆ ರುಬ್ಬಿಟ್ಟರೆ ಎಣ್ಣೆ ಮೇಲೆ, ಗಸಿ ಕೆಳಗೆ ಆಗಲೇಬೇಕು. 1920ರ ದಶಕದಲ್ಲಿ ಜೋಸೆಫ್ ರೋಸ್‌ಫೀಲ್ಡ್ ಎಂಬುವರು ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಎಣ್ಣೆಯಿಂದ ಇದನ್ನು ತಡೆಯುವ ದಾರಿ ಕಂಡುಕೊಂಡರು. ಆಮೇಲೆ ಪೀನಟ್ ಬಟರ್ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರುವಂತಾಯಿತು. ಈ ಕುಕೀಗೆ ನಾನು ಬಳಸುವುದೂ ಅದನ್ನೇ. ಎಣ್ಣೆ ಬಿಡುವ ಪೀನಟ್ ಬಟರ್ ಬ್ರೆಡ್ ಮೇಲೆ ಸವರಲು ಚೆನ್ನ, ಕುಕೀಯಲ್ಲಿ ಹಿಟ್ಟು ಪುಡಿಪುಡಿ ಆಗುತ್ತದೆ.

ಅಳತೆ ಸುಲಭ. ಮೆತ್ತಗಾದ ಬೆಣ್ಣೆ 115 ಗ್ರಾಂ, ಪೀನಟ್ ಬಟರ್ 125 ಗ್ರಾಂ, ಬಿಳಿ ಸಕ್ಕರೆ 100, ಬ್ರೌನ್ ಶುಗರ್ 100. ಇಷ್ಟನ್ನೂ ಬಣ್ಣ ತಿಳಿಯಾಗುವ ತನಕ ಕಡೆಯಬೇಕು. ಆಮೇಲೆ ಮೊಟ್ಟೆ ಇಲ್ಲವೇ ಹಾಲು. ಕೊನೆಗೆ ಮೈದಾ 155 ಗ್ರಾಂ, ಮುಕ್ಕಾಲು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಬ್ರೌನ್ ಶುಗರ್ ಬಿಡಬಾರದು. ಅದರಲ್ಲಿರುವ ಕಾಕಂಬಿಯ ಹುಳಿಗೆ ಸೋಡಾ ಕೆಲಸ ಮಾಡುತ್ತದೆ, ಕುಕೀಯ ಒಳಗೂ ಮೆದು ಉಳಿಯುತ್ತದೆ. ಅನೇಕರು ವೆನಿಲ್ಲಾ ಹಾಕುತ್ತಾರೆ, ನಾನು ಹಾಕುವುದಿಲ್ಲ. ಶೇಂಗಾದ ವಾಸನೆ ಮುಂದೆ ಇರಲಿ.

ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಸಣ್ಣ ನಿಂಬೆ ಗಾತ್ರದ ಉಂಡೆ ಮಾಡಿ ತಟ್ಟೆಯಲ್ಲಿ ದೂರದೂರ ಜೋಡಿಸಿದೆವು. ಇನ್ನು ಫೋರ್ಕ್ ಕೆಲಸ. ಅದನ್ನು ಅಪ್ಪನ ಕೈಗೆ ಕೊಟ್ಟೆ. ಒಮ್ಮೆ ಉದ್ದಕ್ಕೆ ಒತ್ತು, ಒಮ್ಮೆ ಅಡ್ಡಕ್ಕೆ ಒತ್ತು. 1932ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಪತ್ರಿಕೆಯೊಂದರಲ್ಲಿ ಬಂದ ವಿಧಾನದಲ್ಲೇ ಇದು ಇದೆ: ವಾಫಲ್ ಎಂಬ ತಿಂಡಿಯ ಮೇಲಿನ ಚೌಕಗಳಂತೆ ಕಾಣಲಿ ಅಂತ. ಅಂದಕ್ಕಷ್ಟೇ ಅಲ್ಲ. ಈ ಹಿಟ್ಟು ಗಟ್ಟಿ, ಓವನ್‌ನಲ್ಲಿ ತಾನಾಗಿ ಜಾಸ್ತಿ ಹರಡುವುದಿಲ್ಲ. ಒತ್ತದೇ ಬಿಟ್ಟರೆ ಅಂಚು ಬೇಯುತ್ತದೆ, ನಡುವೆ ಹಸಿ ಉಳಿಯುತ್ತದೆ.

ಅಪ್ಪ ಅವಸರ ಮಾಡಲಿಲ್ಲ. ಫೋರ್ಕ್ ಅಂಟಿದಾಗ ಮಗಳು ಅದನ್ನು ಸಕ್ಕರೆಯಲ್ಲಿ ಅದ್ದಿ ಕೊಡುತ್ತಿದ್ದಳು. ಒತ್ತಿದಾಗ ಅಂಚು ಬಿರಿಯುತ್ತದೆ. ಆ ಬಿರುಕನ್ನು ಅವರು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಕೂಡಿಸುತ್ತಿದ್ದರು. ಉಗುರಿನ ಸುತ್ತ ಮಣ್ಣಿನ ಬಣ್ಣ ಕೂತ ಒರಟು ಬೆರಳುಗಳು ಅವು. ಅಷ್ಟು ಮೃದುವಾಗಿ ಕೆಲಸ ಮಾಡುವುದನ್ನು ನೋಡುತ್ತಾ ನಿಂತುಬಿಟ್ಟೆ.

350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 175 ಸೆಲ್ಸಿಯಸ್. ಹತ್ತರಿಂದ ಹನ್ನೆರಡು ನಿಮಿಷ. ಮೇಲ್ಭಾಗ ಕೆಂಪಾಗಲಿ ಅಂತ ಕಾಯಬಾರದು, ಅಂಚು ಬಣ್ಣ ತಿರುಗಿದರೆ ಸಾಕು. ತೆಗೆದಾಗ ಮೆತ್ತಗೆ ಇರುತ್ತವೆ. ತಟ್ಟೆಯಲ್ಲೇ ಐದು ನಿಮಿಷ ಬಿಟ್ಟರೆ ಹಿಡಿದುಕೊಳ್ಳುತ್ತವೆ. ಶೇಂಗಾ ಹುರಿದ ವಾಸನೆ ಮನೆಯೆಲ್ಲ ಹರಡಿತು. ಹಾಲಿನ ಕಂತು ಸ್ವಲ್ಪ ಮರಳುಮರಳಾಗಿ, ಬಾಯಲ್ಲಿ ಬೇಗ ಕರಗುವಂತೆ ಬಂತು. ನನಗೆ ಅದೇ ಹೆಚ್ಚು ಹಿಡಿಸಿತು.

ಅಕ್ಕಪಕ್ಕದವರಿಗೆ ಕೊಡುವ ಮುಂಚೆ ಪ್ರತಿ ಮನೆಯಲ್ಲೂ ಕೇಳಿದೆವು. ಇಲ್ಲಿ ಅನೇಕ ಮಕ್ಕಳಿಗೆ ಶೇಂಗಾ ಅಲರ್ಜಿ, ಕೆಲವರಿಗೆ ಜೀವಕ್ಕೇ ಅಪಾಯ. ಮಗಳು ಡಬ್ಬಿಗಳ ಮೇಲೆ ದೊಡ್ಡದಾಗಿ 'ಶೇಂಗಾ ಇದೆ' ಅಂತ ಇಂಗ್ಲಿಷಿನಲ್ಲಿ ಬರೆದಳು. ಊಟದ ವಸ್ತುವೇ ಒಬ್ಬರಿಗೆ ವಿಷ ಅನ್ನುವುದು ಅಪ್ಪನಿಗೆ ತುಂಬ ಬೇಸರ ತಂದಿತು.

ಸಂಜೆ ಅವರಿಗೆ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಕಥೆ ಹೇಳಿದೆ. ಗುಲಾಮಗಿರಿಯಲ್ಲಿ ಹುಟ್ಟಿ, ಅಲಬಾಮಾದ ಟಸ್ಕೀಗೀಯಲ್ಲಿ ಕೃಷಿ ವಿಜ್ಞಾನಿಯಾದವರು. ಪೀನಟ್ ಬಟರ್ ಕಂಡುಹಿಡಿದವರು ಅವರೇ ಅಂತ ಹಲವರು ಹೇಳುತ್ತಾರೆ, ಅದು ನಿಜವಲ್ಲ. ಅವರು ಮಾಡಿದ್ದು ಅದಕ್ಕಿಂತ ದೊಡ್ಡದು ಅಂತ ನನಗನಿಸುತ್ತದೆ. ಹತ್ತಿ ಬೆಳೆದು ಬೆಳೆದು ನೆಲ ಸತ್ತಿತ್ತು, ಮೇಲಿಂದ ಬೋಲ್ ವೀವಿಲ್ ಎಂಬ ಮೂತಿಹುಳದ ಕಾಟ. ನೆಲಕ್ಕೆ ಸಾರಜನಕ ಕೊಡುವ ಶೇಂಗಾ ಬೆಳೆಯಿರಿ ಅಂತ ಬಡ ರೈತರಿಗೆ ಹೇಳಿದರು. ಬೆಳೆದದ್ದನ್ನು ಮನೆಯಲ್ಲೇ ಉಣ್ಣಲಿ ಅಂತ 1916ರಲ್ಲಿ 105 ಬಗೆಯ ಅಡುಗೆಗಳ ಕಿರುಪುಸ್ತಕ ತಂದರು. ಅದರಲ್ಲಿ ಶೇಂಗಾ ಕುಕೀಗಳೂ ಇವೆ. ಅದೇ ಅಲಬಾಮಾದ ಎಂಟರ್‌ಪ್ರೈಸ್ ಊರಿನವರು, ಹತ್ತಿ ಬಿಟ್ಟು ಶೇಂಗಾಕ್ಕೆ ಬಂದು ಉಳಿದುಕೊಂಡದ್ದಕ್ಕೆ, 1919ರಲ್ಲಿ ಆ ಹುಳಕ್ಕೇ ಸ್ಮಾರಕ ಕಟ್ಟಿದರು. ಅಪ್ಪ ಬಹಳ ಹೊತ್ತು ಕೇಳಿ, "ನೆಲ ನೋಡಿ ಬೆಳೆ ಹೇಳಿದಾನೆ, ದೊಡ್ಡ ಮನುಷ್ಯ" ಅಂದರು. ನಮ್ಮೂರಲ್ಲೂ ಶೇಂಗಾ ಸಾಲಿನ ನಡುವೆ ತೊಗರಿ ಹಾಕುವವರು ಅವರು.

ಊರಿಗೆ ಹೋಗುವಾಗ ಅಳತೆ ಬರೆಸಿಕೊಂಡು ಹೋದರು. ದೀಪಾವಳಿಗೆ ತಮ್ಮನ ಮನೆಯ ಸಣ್ಣ ಓವನ್‌ನಲ್ಲಿ ಮಾಡಿದರಂತೆ. ತಮ್ಮದೇ ಹೊಲದ ಶೇಂಗಾ ಹುರಿದು, ಸಿಪ್ಪೆ ತೆಗೆದು, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಬ್ರೌನ್ ಶುಗರ್ ಬದಲು ಪುಡಿ ಬೆಲ್ಲ ಹಾಕಿ. ರುಚಿ ಜೋರಾಗಿತ್ತಂತೆ, ಆದರೆ ಎತ್ತುವಾಗ ಅಂಚು ಉದುರಿತಂತೆ. ಮುಂದಿನ ಸಲ ಮೈದಾ ಎರಡು ಚಮಚ ಕಡಿಮೆ ಮಾಡಿ, ಹಿಟ್ಟು ಪೂರ್ತಿ ತಣ್ಣಗಾದ ಮೇಲೆ ಉಂಡೆ ಕಟ್ಟಿ ಅಂತ ಹೇಳಿದ್ದೇನೆ. ಜೊತೆಗೆ, ಕಾರ್ವರ್ ಹೇಳಿದ ಹಾಗೆ, ಒಂದು ಹಿಡಿ ಕುಟ್ಟಿದ ಶೇಂಗಾವನ್ನೂ ಕೊನೆಗೆ ಸೇರಿಸಿ ನೋಡುತ್ತಾರಂತೆ.